ಚಿತ್ತಾಪುರ ಎಂದು ಬರೆಯಲು ಎಷ್ಟು ಕೈ ಬೇಕು?

ಚಿತ್ತಾಪುರ ಎಂಬ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಬರೆಯಲು ಕಗಪ ಕೀಲಿಮಣೆ ವಿನ್ಯಾಸದಲ್ಲಿ ಒಂಬತ್ತು ಅಕ್ಷರಕೀಲಿಗಳನ್ನು ಒತ್ತಬೇಕು. ಯಂತ್ರದ ಒಳಗೆ ಒಂಬತ್ತು ಸಂಕೇತಗಳು ದಾಖಲಾಗುತ್ತವೆ. ಆದರೆ ಪರದೆಯ ಮೇಲೆ ಮೂಡುವುದು ನಾಲ್ಕೇ ಅಕ್ಷರ: ಚಿ, ತ್ತಾ, ಪು, ರ. ಒಂಬತ್ತು ನಾಲ್ಕಾಗುವ ಈ ಲೆಕ್ಕ ಕಣ್ಣು ಮಿಟುಕಿಸುವುದರೊಳಗೆ ಮುಗಿದುಹೋಗುತ್ತದೆ. ಬರೆಯುವವರಿಗೆ ಅದರ ಸುಳಿವೂ ಸಿಗುವುದಿಲ್ಲ.

ಲಿನಕ್ಸ್ ಆಧಾರಿತ ಮುಕ್ತ ತಂತ್ರಾಂಶದ ಕಂಪ್ಯೂಟರಿನಲ್ಲಿ ಈ ಲೆಕ್ಕವನ್ನು ಯಾವುದೋ ಒಂದು ಕಂಪನಿ ಮಾಡುವುದಿಲ್ಲ. ಕೀಲಿಯ ಅರ್ಥ ಹೇಳುವವರು ಒಬ್ಬರು, ಒತ್ತಕ್ಷರ ಕೂಡಿಸುವವರು ಇನ್ನೊಬ್ಬರು, ಅಕ್ಷರದ ರೂಪ ಕೊಡುವವರು ಮತ್ತೊಬ್ಬರು, ಅದನ್ನು ಕಿಟಕಿಯೊಳಗೆ ಇಡುವವರು ಮಗದೊಬ್ಬರು. ಇವರು ಬೇರೆ ಬೇರೆ ದೇಶಗಳಲ್ಲಿರುವ ಬೇರೆ ಬೇರೆ ಸಮುದಾಯಗಳವರು. ಇವರೆಲ್ಲರ ಮೇಲೆ ಒಬ್ಬ ಯಜಮಾನನಿಲ್ಲ. ಕೆಲವರಿಗೆ ಸಂಬಳವಿದೆ, ಹಲವರಿಗೆ ಇಲ್ಲ. ಹಾಗಿದ್ದರೆ ಕೆಲಸ ಹೇಗೆ ಹಂಚಿಕೆಯಾಗುತ್ತದೆ? ಹಂಚಿಕೆಯಾದ ಮೇಲೆ ಯಾರ ಪಾಲಿಗೂ ಬಾರದೆ ಉಳಿಯುವ ಕೆಲಸ ಯಾವುದು? ಕನ್ನಡದ ಮಟ್ಟಿಗೆ ಎರಡನೆಯ ಪ್ರಶ್ನೆಯೇ ದೊಡ್ಡದು.

ಎಲ್ಲವೂ ಒಂದೇ ಕೈಯಲ್ಲಿ

ಕಂಪ್ಯೂಟರಿಗೆ ಕನ್ನಡ ಬಂದ ಮೊದಲ ದಿನಗಳಲ್ಲಿ ಇಂಥ ಹಂಚಿಕೆ ಇರಲಿಲ್ಲ. 1998ರಲ್ಲಿ ಬಂದ ‘ಬರಹ’, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ‘ನುಡಿ’, ಇವು ಕೀಲಿಮಣೆ, ಸಂಕೇತ, ಅಕ್ಷರರೂಪ ಎಲ್ಲವನ್ನೂ ಒಂದೇ ತಂತ್ರಾಂಶದೊಳಗೆ ತಂದುಕೊಟ್ಟವು. ಕಂಪ್ಯೂಟರೆಂದರೆ ಇಂಗ್ಲಿಷ್ ಎಂದೇ ತಿಳಿದಿದ್ದ ಕಾಲದಲ್ಲಿ ಅದು ಸಣ್ಣ ಉಪಕಾರವಲ್ಲ. ಪತ್ರಿಕೆ, ಮುದ್ರಣಾಲಯ, ಸರ್ಕಾರಿ ಕಚೇರಿಗಳಲ್ಲಿ ಕನ್ನಡ ನೆಲೆಯೂರಿದ್ದು ಇಂಥ ತಂತ್ರಾಂಶಗಳಿಂದ.

ಆದರೆ ಎಲ್ಲವೂ ಒಂದೇ ಕೈಯಲ್ಲಿದ್ದರೆ ಒಂದು ತೊಡಕಿದೆ. ಆಗ ದಾಖಲಾಗುತ್ತಿದ್ದುದು ಕನ್ನಡ ಅಕ್ಷರವಲ್ಲ. ಆ ತಂತ್ರಾಂಶದ ಫಾಂಟಿನಲ್ಲಿದ್ದ ಅಕ್ಷರದ ತುಣುಕುಗಳ ಸ್ಥಾನಸಂಖ್ಯೆ. ಸೇಡಂನಲ್ಲಿ ಟೈಪು ಮಾಡಿದ ಪತ್ರವನ್ನು ಅದೇ ಫಾಂಟ್ ಇಲ್ಲದ ಇನ್ನೊಂದು ಊರಿನ ಯಂತ್ರದಲ್ಲಿ ತೆರೆದರೆ ಕಾಣುತ್ತಿದ್ದುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ. ಫಾಂಟ್ ಕಳೆದುಹೋದರೆ ಪತ್ರದ ಅರ್ಥವೂ ಕಳೆದುಹೋದಂತೆ.

ಇದಕ್ಕೆ ಮದ್ದಾಗಿ ಬಂದದ್ದು ಯೂನಿಕೋಡ್. 1991ರಲ್ಲಿ ಪ್ರಕಟವಾದ ಅದರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಮನೆಗಳ ಒಂದು ಓಣಿಯನ್ನು ಕಾದಿರಿಸಲಾಗಿತ್ತು. ಭಾರತ ಸರ್ಕಾರದ ‘ಇಸ್ಕಿ’ ಸಂಕೇತಪಟ್ಟಿಯೇ ಅದಕ್ಕೆ ಬುನಾದಿ. ಯೂನಿಕೋಡ್ ಹೇಳುವುದು ಇಷ್ಟೆ: ‘ತ’ ಎಂಬ ಅಕ್ಷರಕ್ಕೆ ಇದು ಸಂಖ್ಯೆ, ಅದರ ಚೆಂದ ಹೇಗಿರಬೇಕೆಂಬುದು ನನ್ನ ಕೆಲಸವಲ್ಲ. ಈ ಒಂದು ನಿರ್ಧಾರದಿಂದ ಕೆಲಸ ಎರಡಾಗಿ ಸೀಳಿತು. ಅಕ್ಷರ ಯಾವುದು ಎಂದು ಗುರುತಿಸುವುದು ಒಂದು, ಅದನ್ನು ಬರೆದು ತೋರಿಸುವುದು ಇನ್ನೊಂದು. ಹಂಚಿಕೆಗೆ ದಾರಿ ತೆರೆದದ್ದು ಅಲ್ಲಿ.

ಎರಡು ಮನೆ

ಇತ್ತ ಮುಕ್ತ ತಂತ್ರಾಂಶದ ಲೋಕದಲ್ಲಿ ಬೇರೊಂದು ಕಥೆ ನಡೆದಿತ್ತು. ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಯಂತ್ರವನ್ನು ನಡೆಸಬಲ್ಲದಾಗಿತ್ತು. ಆದರೆ ಸಾಮಾನ್ಯ ಬಳಕೆದಾರರಿಗೆ ಬೇಕಾದ ಕಿಟಕಿ, ಗುಂಡಿ, ಪಟ್ಟಿ, ಕಡತದ ಚಿತ್ರ ಇವುಗಳ ಅಚ್ಚುಕಟ್ಟಾದ ‘ಡೆಸ್ಕ್‌ಟಾಪ್’ ಅದರೊಡನೆ ಇರಲಿಲ್ಲ. 1996ರ ಅಕ್ಟೋಬರಿನಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಮಥಿಯಾಸ್ ಎಟ್ರಿಶ್ ಇಂಥದೊಂದನ್ನು ಕಟ್ಟೋಣವೆಂದು ಕರೆ ಕೊಟ್ಟರು. ಅದು ಕೆಡಿಇ.

ಕೆಡಿಇ ತನ್ನ ಗುಂಡಿ, ಪಟ್ಟಿಗಳಿಗೆ ಆರಿಸಿಕೊಂಡದ್ದು ನಾರ್ವೆಯ ಟ್ರೋಲ್‌ಟೆಕ್ ಕಂಪನಿಯ ‘ಕ್ಯೂಟಿ’ ಎಂಬ ಸಾಮಗ್ರಿಯನ್ನು. ಆಗ ಅದರ ಪರವಾನಗಿ ಪೂರ್ತಿ ಮುಕ್ತವಾಗಿರಲಿಲ್ಲ. ಬುನಾದಿಯೇ ಪರರದಾದರೆ ಮನೆ ನಮ್ಮದು ಹೇಗಾದೀತು ಎಂದು ಆಕ್ಷೇಪಿಸಿದವರು ಬೇರೆ ಮನೆ ಹೂಡಿದರು. 1997ರ ಆಗಸ್ಟಿನಲ್ಲಿ ಮೆಕ್ಸಿಕೋದ ಮಿಗೆಲ್ ಡಿ ಇಕಾಸಾ ಮತ್ತು ಫೆಡೆರಿಕೋ ಮೆನಾ ‘ಗ್ನೋಮ್’ ಯೋಜನೆಯನ್ನು ಆರಂಭಿಸಿದರು. ಅದು ನಿಂತದ್ದು ‘ಜಿಟಿಕೆ’ ಎಂಬ ಸಾಮಗ್ರಿಯ ಮೇಲೆ. ಅಮೆರಿಕದ ಬರ್ಕ್ಲಿಯ ಇಬ್ಬರು ವಿದ್ಯಾರ್ಥಿಗಳು ‘ಗಿಂಪ್’ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಅದನ್ನು ಸಿದ್ಧಪಡಿಸಿದ್ದರು.

2000ದಲ್ಲಿ ಕ್ಯೂಟಿ ಮುಕ್ತ ಪರವಾನಗಿಯಡಿ ಬಂತು. ಜಗಳದ ಕಾರಣ ಹೋಯಿತು, ಮನೆಗಳು ಮಾತ್ರ ಎರಡೇ ಉಳಿದವು. ಅಷ್ಟರಲ್ಲಿ ಎರಡಕ್ಕೂ ತಮ್ಮದೇ ಅಭಿರುಚಿ, ತಮ್ಮದೇ ಬಳಗ ಬೆಳೆದಿತ್ತು. ಆಯ್ಕೆಗಳು ಕಡಿಮೆಯಿದ್ದು ನೋಟ ಸರಳವಾಗಿರಲಿ ಎನ್ನುವುದು ಗ್ನೋಮ್. ಬಳಕೆದಾರ ತನಗೆ ಬೇಕಾದಂತೆ ಎಲ್ಲವನ್ನೂ ಬದಲಿಸಿಕೊಳ್ಳಲಿ ಎನ್ನುವುದು ಕೆಡಿಇ. ಇವೆರಡರ ಆಚೆ ಎಕ್ಸ್‌ಎಫ್‌ಸಿಇಯಂಥ ಹಗುರ ಡೆಸ್ಕ್‌ಟಾಪ್‌ಗಳೂ ಇವೆ.

ಒಂದೇ ಕೆಲಸವನ್ನು ಎರಡೆರಡು ಕಡೆ ಮಾಡುವುದು ದಂಡವಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಎಲ್ಲ ಕೆಲಸವೂ ಎರಡು ಕಡೆ ನಡೆದಿದ್ದರೆ ದಂಡವೇ ಸರಿ. ಹಾಗಾಗದಂತೆ ತಡೆದದ್ದು ಒಂದು ಒಪ್ಪಂದ. ಅದನ್ನು ಅರ್ಥ ಮಾಡಿಕೊಳ್ಳಲು ವಾಡಿ ಜಂಕ್ಷನ್ನಿಗಿಂತ ಒಳ್ಳೆಯ ಜಾಗ ಬೇಕಿಲ್ಲ.

ವಾಡಿಯ ಹಳಿ

ಮುಂಬಯಿಯಿಂದ ಹೊರಟ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯ ಹಳಿ 1871ರಲ್ಲಿ ರಾಯಚೂರಿನಲ್ಲಿ ಮದ್ರಾಸ್ ರೈಲ್ವೆಯ ಹಳಿಯನ್ನು ಕೂಡಿತು. 1874ರಲ್ಲಿ ನಿಜಾಮರ ರೈಲ್ವೆ ವಾಡಿಯಿಂದ ಹೈದರಾಬಾದಿಗೆ ದಾರಿ ತೆರೆಯಿತು. ಮೂರೂ ಬೇರೆ ಬೇರೆ ಆಡಳಿತ. ಸಿಬ್ಬಂದಿ ಬೇರೆ, ಲೆಕ್ಕಪತ್ರ ಬೇರೆ. ಆದರೆ ಹಳಿಗಳ ನಡುವಿನ ಅಂತರ ಮಾತ್ರ ಒಂದೇ: ಐದು ಅಡಿ ಆರು ಅಂಗುಲ. ಆದ್ದರಿಂದ ಗಾಡಿಗಳು ಒಂದು ಕಂಪನಿಯ ಹಳಿಯಿಂದ ಇನ್ನೊಂದರ ಹಳಿಗೆ ಹೋಗಬಲ್ಲವಾಗಿದ್ದವು. ಬ್ರಾಡ್‌ಗೇಜಿಗೆ ಮೀಟರ್‌ಗೇಜ್ ಕೂಡುವ ನಿಲ್ದಾಣಗಳಲ್ಲಾದರೋ ಪ್ರತಿ ಮೂಟೆಯನ್ನೂ ಇಳಿಸಿ ಬೇರೆ ಗಾಡಿಗೆ ತುಂಬಬೇಕಾಗುತ್ತಿತ್ತು. ಒಡೆತನ ಒಂದಾಗಬೇಕಿಲ್ಲ, ಅಳತೆ ಒಂದಾದರೆ ಸಾಕು.

ಡೆಸ್ಕ್‌ಟಾಪ್ ಸಮುದಾಯಗಳಿಗೆ ಈ ಅಳತೆಗೋಲನ್ನು ಒದಗಿಸಿದ್ದು ‘ಫ್ರೀಡೆಸ್ಕ್‌ಟಾಪ್’ ಎಂಬ ವೇದಿಕೆ. ಗ್ನೋಮ್ ಬಳಗದ ಹ್ಯಾವಕ್ ಪೆನಿಂಗ್ಟನ್ 2000ದಲ್ಲಿ ಇದನ್ನು ಆರಂಭಿಸಿದರು. ತಂತ್ರಾಂಶದ ಹೆಸರು ಪಟ್ಟಿಯಲ್ಲಿ ಕಾಣಲು ಯಾವ ನಮೂನೆಯ ಚೀಟಿ ಬೇಕು, ಅಳಿಸಿದ ಕಡತ ಕಸದಬುಟ್ಟಿಯಲ್ಲಿ ಎಲ್ಲಿರಬೇಕು, ಒಂದು ಕಿಟಕಿಯಿಂದ ಇನ್ನೊಂದಕ್ಕೆ ಪಠ್ಯವನ್ನು ಎಳೆದು ಹಾಕುವುದು ಹೇಗೆ ಎಂಬ ಸಣ್ಣಪುಟ್ಟ ಸಂಗತಿಗಳ ಬಗ್ಗೆ ಅಲ್ಲಿ ಎರಡೂ ಕಡೆಯವರು ಕುಳಿತು ಬರೆದುಕೊಂಡರು. ಈ ವೇದಿಕೆಗೆ ಆಜ್ಞೆ ಮಾಡುವ ಅಧಿಕಾರವಿಲ್ಲ. ಒಪ್ಪಿದವರು ಪಾಲಿಸುತ್ತಾರೆ, ಪಾಲಿಸಿದವರಿಗೆ ಲಾಭವಿದೆ. ಕೆಡಿಇ ತಂತ್ರಾಂಶವನ್ನು ಗ್ನೋಮ್‌ನಲ್ಲಿಯೂ ಗ್ನೋಮ್ ತಂತ್ರಾಂಶವನ್ನು ಕೆಡಿಇಯಲ್ಲಿಯೂ ನಡೆಸಲು ಸಾಧ್ಯವಾದದ್ದು ಇದರಿಂದ.

ಕ್ರಮೇಣ ಒಂದು ಪದ್ಧತಿ ರೂಢಿಗೆ ಬಂತು. ಕಣ್ಣಿಗೆ ಕಾಣುವ ಮೇಲ್ಪದರದಲ್ಲಿ ಸ್ಪರ್ಧೆ. ಕಾಣದ ಕೆಳಪದರದಲ್ಲಿ ಸಹಕಾರ. ಗ್ನೋಮ್‌ನ ‘ಎವಿನ್ಸ್’, ಕೆಡಿಇಯ ‘ಆಕ್ಯುಲರ್’ ಎರಡೂ ಪಿಡಿಎಫ್ ಕಡತ ತೋರಿಸುತ್ತವೆ, ನೋಟ ಬೇರೆ ಬೇರೆ. ಆದರೆ ಪಿಡಿಎಫ್ ಅನ್ನು ಓದಿ ಅರ್ಥ ಮಾಡಿಕೊಳ್ಳಲು ಎರಡೂ ಬಳಸುವುದು ‘ಪಾಪ್ಲರ್’ ಎಂಬ ಒಂದೇ ಭಂಡಾರವನ್ನು. ಮುದ್ರಣಕ್ಕೆ ‘ಕಪ್ಸ್’, ತಂತ್ರಾಂಶಗಳ ನಡುವೆ ಸಂದೇಶ ಒಯ್ಯಲು ‘ಡಿ-ಬಸ್’. ಡಿ-ಬಸ್‌ಗೆ ಪ್ರೇರಣೆ ಕೆಡಿಇಯಲ್ಲಿ ಮೊದಲಿಂದ ಇದ್ದ ‘ಡಿಕಾಪ್’. 2008ರಲ್ಲಿ ಬಂದ ಕೆಡಿಇ 4ರಲ್ಲಿ ಆ ಬಳಗ ತನ್ನದನ್ನು ಬಿಟ್ಟು ಎಲ್ಲರದಾದ ಡಿ-ಬಸ್ ಅನ್ನೇ ಒಪ್ಪಿಕೊಂಡಿತು.

ಹಂಚಿಕೊಂಡದ್ದು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೂ ಕೆಡಿಇಯೇ ಸಾಕ್ಷಿ. ವೆಬ್ ಪುಟ ತೋರಿಸಲು ಆ ಸಮುದಾಯ ಬರೆದ ‘ಕೆಎಚ್‌ಟಿಎಂಎಲ್’ ಎಂಬ ಭಾಗವನ್ನು ಆ್ಯಪಲ್ ಕಂಪನಿ ತೆಗೆದುಕೊಂಡು 2003ರಲ್ಲಿ ಸಫಾರಿ ಬ್ರೌಸರನ್ನು ಹೊರತಂದಿತು. ಅದರ ‘ವೆಬ್‌ಕಿಟ್’ ಮೇಲೆ 2008ರಲ್ಲಿ ಗೂಗಲ್ ಕ್ರೋಮ್ ಬಂತು. 2013ರಲ್ಲಿ ಗೂಗಲ್ ತನ್ನ ದಾರಿ ಬೇರೆ ಮಾಡಿಕೊಂಡು ‘ಬ್ಲಿಂಕ್’ ಎಂದು ಹೆಸರಿಟ್ಟಿತು. ಇಂದು ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಪತ್ರಿಕೆ ಓದುವವರು ಆ ಬೇರಿನ ಚಿಗುರನ್ನೇ ಬಳಸುತ್ತಿದ್ದಾರೆ.

ಐದು ಊರು, ಐದು ಪರೀಕ್ಷೆ

ಕೆಳಪದರದ ಸಹಕಾರದಿಂದ ಕನ್ನಡಕ್ಕೆ ಆದ ಲಾಭವೇನು? ಕಲಬುರಗಿ ಜಿಲ್ಲೆಯ ಐದು ಊರುಗಳ ಹೆಸರನ್ನೇ ತೆಗೆದುಕೊಂಡು ನೋಡಬಹುದು.

ವಾಡಿ ಸುಲಭ. ವ, ದೀರ್ಘ, ಡ, ಗುಡಿಸು, ನಾಲ್ಕು ಸಂಕೇತ. ಹಾಗಿದ್ದರೂ ‘ಡ’ಕ್ಕೆ ಗುಡಿಸು ಹತ್ತಿದೊಡನೆ ತಲೆಕಟ್ಟಿನ ರೂಪ ಬದಲಾಗಿ ‘ಡಿ’ ಆಗಬೇಕು. ಪಕ್ಕದಲ್ಲಿ ಒಂದು ಗೆರೆ ಅಂಟಿಸಿದರೆ ಸಾಲದು. ಸೇಡಂನ ‘ಸೇ’ಯಲ್ಲಿ ಏತ್ವ ಎರಡು ತುಂಡಾಗಿ ನಿಲ್ಲುತ್ತದೆ, ಒಂದು ತಲೆಯ ಮೇಲೆ, ಇನ್ನೊಂದು ಬಲಕ್ಕೆ. ಚಿತ್ತಾಪುರದಲ್ಲಿ ಎರಡನೆಯ ‘ತ’ ಕೆಳಗಿಳಿದು ಒತ್ತಾಗಬೇಕು, ಅದರ ದೀರ್ಘ ಮಾತ್ರ ಮೇಲಿನ ಅಕ್ಷರಕ್ಕೆ ಹತ್ತಬೇಕು. ಅಲ್ಲದೆ ‘ಪು’ವಿನ ಕೊಂಬು ಉಳಿದ ಅಕ್ಷರಗಳ ಕೊಂಬಿನಂತೆ ಪಕ್ಕಕ್ಕೆ ಬಾರದೆ ಕೆಳಗೆ ಜೋತುಬೀಳಬೇಕು. ಕನ್ನಡ ಬಲ್ಲವರಿಗೆ ಇದು ಒಂದನೆಯ ತರಗತಿಯ ಪಾಠ. ಯಂತ್ರಕ್ಕೆ ಯಾರಾದರೂ ಹೇಳಿಕೊಡಬೇಕು.

ಗ್ನೋಮ್ ಬಳಗ ಇದಕ್ಕಾಗಿ ‘ಪ್ಯಾಂಗೋ’ ಎಂಬ ಭಾಗವನ್ನು ಕಟ್ಟಿತು. ಗ್ರೀಕಿನ ‘ಪ್ಯಾನ್’ ಅಂದರೆ ಎಲ್ಲ, ಜಪಾನಿಯ ‘ಗೋ’ ಅಂದರೆ ಭಾಷೆ. ಕ್ಯೂಟಿಯವರು ಅದೇ ಕೆಲಸವನ್ನು ತಮ್ಮಲ್ಲಿ ಬೇರೆಯಾಗಿ ಮಾಡಿಕೊಂಡರು. ಓಪನ್‌ ಆಫೀಸಿನಲ್ಲಿ ಮೂರನೆಯ ಏರ್ಪಾಡು. ಅಂದರೆ ಒತ್ತಕ್ಷರದ ಒಂದೇ ಪಾಠವನ್ನು ಮೂರು ಶಾಲೆಗಳಲ್ಲಿ ಮೂರು ಮೇಷ್ಟರು ಹೇಳಿಕೊಟ್ಟಂತೆ. ಒಂದು ಕಡೆ ತಿದ್ದಿದ ತಪ್ಪು ಇನ್ನೊಂದು ಕಡೆ ಹಾಗೆಯೇ ಉಳಿಯುತ್ತಿತ್ತು.

ಈ ಕೆಲಸವನ್ನು ಒಂದುಗೂಡಿಸಿದ್ದು ‘ಹಾರ್ಫ್‌ಬಜ್’. ಪಾರಸಿ ಭಾಷೆಯಲ್ಲಿ ಇದಕ್ಕೆ ‘ತೆರೆದ ಅಕ್ಷರ’ ಎಂಬರ್ಥ. ಇರಾನ್ ಮೂಲದ ಬೆಹದಾದ್ ಎಸ್ಫಾಬೋದ್ ಇದರ ಮುಖ್ಯ ಶಿಲ್ಪಿ. ಯೂನಿಕೋಡ್ ಸಂಕೇತಗಳ ಸಾಲನ್ನೂ ಒಂದು ಫಾಂಟನ್ನೂ ಕೊಟ್ಟರೆ, ಯಾವ ರೂಪ ಯಾವ ಜಾಗದಲ್ಲಿ ಕೂರಬೇಕೆಂದು ಹೇಳುವುದು ಇದರ ಕೆಲಸ. ಗ್ನೋಮ್, ಕ್ಯೂಟಿ, ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲವೂ ಇದನ್ನೇ ನೆಚ್ಚಿವೆ. ಲಿಬ್ರೆ ಆಫೀಸ್ 2013ರಲ್ಲಿ ಲಿನಕ್ಸಿನ ಮಟ್ಟಿಗೆ, 2017ರಲ್ಲಿ ಎಲ್ಲ ಬಗೆಯ ಯಂತ್ರಗಳಿಗೆ ಇದನ್ನು ಅಳವಡಿಸಿಕೊಂಡಿತು. ಈಗ ಒಬ್ಬರು ಇಲ್ಲಿ ಕನ್ನಡದ ಒಂದು ತಪ್ಪನ್ನು ತಿದ್ದಿದರೆ ಫೋನಿನಿಂದ ಹಿಡಿದು ಕಚೇರಿಯ ಕಂಪ್ಯೂಟರಿನವರೆಗೆ ಎಲ್ಲ ಕಡೆ ತಿದ್ದಿದಂತೆ. ಹಾಗೆಯೇ ಇಲ್ಲಿ ಒಂದು ತಪ್ಪು ನುಸುಳಿದರೆ ಎಲ್ಲ ಕಡೆ ನುಸುಳಿದಂತೆ.

ಉಳಿದ ಎರಡು ಊರುಗಳ ಪರೀಕ್ಷೆ ಇನ್ನೂ ಕಠಿಣ. ಚಿಂಚೋಳಿಯ ‘ಚೋ’ ಎಂಬುದನ್ನು ಯೂನಿಕೋಡ್‌ನಲ್ಲಿ ಎರಡು ಬಗೆಯಲ್ಲಿ ಬರೆಯಬಹುದು. ‘ಚ’ದ ಮುಂದೆ ಓತ್ವಕ್ಕೆ ಒಂದೇ ಸಂಕೇತ ಇಡಬಹುದು, ಅಥವಾ ಎತ್ವ, ಕೊಂಬಿನ ದೀರ್ಘ, ಸ್ವರದೀರ್ಘ ಎಂದು ಮೂರು ಸಂಕೇತ ಇಡಬಹುದು. ಎರಡೂ ಸರಿ, ಕಣ್ಣಿಗೆ ಕಾಣುವುದೂ ಒಂದೇ. ಆದರೆ ಮೊದಲನೆಯದರಲ್ಲಿ ಊರಿನ ಹೆಸರು ಏಳು ಸಂಕೇತ, ಎರಡನೆಯದರಲ್ಲಿ ಒಂಬತ್ತು. ಇವೆರಡೂ ಒಂದೇ ಎಂದು ತಿಳಿಯದ ತಂತ್ರಾಂಶಕ್ಕೆ ನಕ್ಷೆಯಲ್ಲಿ ಎರಡು ಚಿಂಚೋಳಿಗಳು. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು.

ಶಹಾಬಾದ್‌ನ ತೊಡಕು ವಿಭಕ್ತಿಯದು. ವ್ಯಂಜನದಲ್ಲಿ ಕೊನೆಗೊಳ್ಳುವ ಈ ಹೆಸರಿಗೆ ‘ನಲ್ಲಿ’ ಸೇರಿಸಿದರೆ ಯಂತ್ರ ತನ್ನ ನಿಯಮದಂತೆ ‘ದ್’ ಮತ್ತು ‘ನ’ಗಳನ್ನು ಕೂಡಿಸಿ ‘ಶಹಾಬಾದ್ನಲ್ಲಿ’ ಎಂದು ಬರೆಯುತ್ತದೆ. ‘ಶಹಾಬಾದ್‌ನಲ್ಲಿ’ ಎಂದು ಬಿಡಿಸಿ ತೋರಿಸಲು ನಡುವೆ ಒಂದು ಕಣ್ಣಿಗೆ ಕಾಣದ ಸಂಕೇತವನ್ನು ಇಡಬೇಕು. ಅದಕ್ಕೆ ಅಗಲವಿಲ್ಲ, ರೂಪವಿಲ್ಲ. ‘ಕೂಡಬೇಡಿ’ ಎಂದು ಹೇಳುವುದಷ್ಟೇ ಅದರ ಕೆಲಸ. ಅದನ್ನು ಮೂಡಿಸಲು ಕೀಲಿಮಣೆಯಲ್ಲಿ ಒಂದು ಕೀಲಿ ಬೇಕು. ಅದು ಬಂದಾಗ ಒತ್ತು ಮಾಡಬಾರದೆಂದು ಹಾರ್ಫ್‌ಬಜ್‌ಗೆ ತಿಳಿದಿರಬೇಕು. ಹುಡುಕುವಾಗ ಅದನ್ನು ಲೆಕ್ಕಕ್ಕೆ ಹಿಡಿಯಬಾರದೆಂದು ಸಂಪಾದಕ ತಂತ್ರಾಂಶಕ್ಕೆ ಗೊತ್ತಿರಬೇಕು. ಕಾಗುಣಿತ ಪರೀಕ್ಷಕ ಅದನ್ನು ತಪ್ಪೆಂದು ಕೆಂಪು ಗೆರೆ ಎಳೆಯಬಾರದು. ಒಂದು ಕಾಣದ ಸಂಕೇತಕ್ಕೆ ನಾಲ್ಕು ಕಡೆಯ ಒಪ್ಪಿಗೆ.

ಯಾವ ಬಾಗಿಲು ತಟ್ಟಬೇಕು?

ಹಂಚಿಕೆಯ ಕಷ್ಟ ಬಳಕೆದಾರನಿಗೆ ತಟ್ಟುವುದು ಇಲ್ಲಿಯೇ. ಅಕ್ಷರ ಒಡೆದು ಕಂಡರೆ ದೂರು ಕೊಡುವುದು ಯಾರಿಗೆ? ಅಂಗಡಿಯಲ್ಲಿ ಕೊಂಡ ತಂತ್ರಾಂಶವಾದರೆ ಒಂದು ಬಾಗಿಲು ಇರುತ್ತದೆ, ಅದು ತೆರೆಯದಿರಬಹುದು, ಆ ಮಾತು ಬೇರೆ. ಇಲ್ಲಿ ಬಾಗಿಲು ಹತ್ತು. ತಪ್ಪು ಬಾಗಿಲು ತಟ್ಟಿದರೆ ‘ಇದು ನಮ್ಮದಲ್ಲ’ ಎಂಬ ಉತ್ತರ. ಅದು ಉಡಾಫೆಯಲ್ಲ, ಅನೇಕ ಸಲ ನಿಜವೇ.

ಸರಿಯಾದ ಬಾಗಿಲನ್ನು ಕಂಡುಹಿಡಿಯಲು ಒಂದು ಸರಳ ಉಪಾಯವಿದೆ. ಒಂದೊಂದು ಸಲಕ್ಕೆ ಒಂದೊಂದನ್ನೇ ಬದಲಿಸಿ ನೋಡಬೇಕು. ಫಾಂಟ್ ಬದಲಿಸಿದಾಗ ತಪ್ಪು ಹೋದರೆ ಅದು ಫಾಂಟ್ ಮಾಡಿದವರ ಪಾಲು. ಲೋಹಿತ್ ಫಾಂಟಾದರೆ ರೆಡ್ ಹ್ಯಾಟ್ ಆರಂಭಿಸಿದ ಯೋಜನೆ; ನೋಟೋ ಆದರೆ ಗೂಗಲ್; ಗುಬ್ಬಿ, ನವಿಲುಗಳಾದರೆ ಕನ್ನಡಿಗರೇ ರೂಪಿಸಿದವು. ಎಲ್ಲ ಫಾಂಟುಗಳಲ್ಲಿಯೂ ಎಲ್ಲ ತಂತ್ರಾಂಶಗಳಲ್ಲಿಯೂ ಒಂದೇ ತಪ್ಪು ಕಂಡರೆ ಹಾರ್ಫ್‌ಬಜ್. ಒಂದೇ ತಂತ್ರಾಂಶದಲ್ಲಿ ಕಂಡರೆ ಆ ತಂತ್ರಾಂಶ. ಅಕ್ಷರ ಸರಿಯಿದ್ದು ಕೀಲಿ ಮಾತ್ರ ತಪ್ಪಾಗಿದ್ದರೆ ಕೀಲಿಮಣೆ ವಿನ್ಯಾಸಗಳ ಸಂಗ್ರಹ.

ಈ ಕೀಲಿಮಣೆ ಸಂಗ್ರಹವೂ ಎಲ್ಲ ಡೆಸ್ಕ್‌ಟಾಪ್‌ಗಳಿಗೆ ಒಂದೇ, ಅದು ಫ್ರೀಡೆಸ್ಕ್‌ಟಾಪ್ ವೇದಿಕೆಯಲ್ಲಿದೆ. ಅಲ್ಲಿ ಕನ್ನಡಿಗರು ಹೆಮ್ಮೆಪಡುವ ಸಂಗತಿಯೊಂದಿದೆ. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಹುಟ್ಟಿ, ಕನ್ನಡ ಗಣಕ ಪರಿಷತ್ತಿನ ಹೆಸರಿನಲ್ಲಿ ‘ಕಗಪ’ ಎಂದು ಕರೆಸಿಕೊಂಡ ವಿನ್ಯಾಸ ಅಲ್ಲಿ ಕನ್ನಡಕ್ಕಷ್ಟೇ ಸೀಮಿತವಾಗಿಲ್ಲ. ಹಿಂದಿ, ಮರಾಠಿ, ತೆಲುಗು, ಸಂಸ್ಕೃತಗಳಿಗೂ ‘ಕಗಪ’ ಎಂಬ ಹೆಸರಿನಲ್ಲೇ ಕೀಲಿಮಣೆಗಳಿವೆ. ಮರಾಠಿ, ತೆಲುಗುಗಳ ಒಡನಾಟದಲ್ಲಿ ಬೆಳೆದ ಈ ಗಡಿಭಾಗದವರಿಗೆ ಇದು ಉಪಯೋಗಕ್ಕೂ ಬರುವಂಥದು. ಒಂದು ಭಾಷೆಯವರು ಕೆಳಪದರದಲ್ಲಿ ಇಟ್ಟ ಕಲ್ಲು ನೆರೆಯವರಿಗೂ ಮೆಟ್ಟಿಲಾಯಿತು.

ತಿದ್ದುಪಡಿಯನ್ನು ಎಲ್ಲಿ ಮಾಡಬೇಕೆಂಬುದಕ್ಕೂ ಒಂದು ನೀತಿ ಇದೆ. ಉಬುಂಟು, ಫೆಡೋರಾ, ಡೆಬಿಯನ್ ಮುಂತಾದ ವಿತರಣಾ ಸಮುದಾಯಗಳು ಸಾವಿರಾರು ತಂತ್ರಾಂಶಗಳನ್ನು ಆಯ್ದು, ಹೊಂದಿಸಿ, ಪರೀಕ್ಷಿಸಿ ಬಳಕೆದಾರರಿಗೆ ಕೊಡುತ್ತವೆ. ಕಂಡ ತಪ್ಪನ್ನು ತಮ್ಮ ಪ್ರತಿಯಲ್ಲಿ ಮಾತ್ರ ತಿದ್ದಿ 'ಕೈ ತೊಳೆದುಕೊಂಡರೆ' ಉಳಿದವರಿಗೆ ಅದು ಸಿಗುವುದಿಲ್ಲ. ಕಾಗಿಣಾ ನದಿಯ ನೀರನ್ನು ಶಹಾಬಾದಿನ ಹತ್ತಿರ ಸೋಸಿದರೆ ಮೇಲೆ ಇರುವ ಮಳಖೇಡದವರಿಗೆ ಏನು ಬಂತು? ಆದ್ದರಿಂದ ತಿದ್ದುಪಡಿಯನ್ನು ಹೊಳೆಯ ಮೇಲ್ಗಡೆಗೆ, ಮೂಲ ಸಮುದಾಯಕ್ಕೆ ಕಳಿಸಬೇಕೆಂಬುದು ಇವರೆಲ್ಲ ಒಪ್ಪಿದ ನಡವಳಿಕೆ.

ಗಡಿರೇಖೆಗಳು ಶಾಶ್ವತವಲ್ಲ. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆಯ ಜಾಗಕ್ಕೆ, 2008ರಲ್ಲಿ ಆರಂಭವಾದ ‘ವೇಲ್ಯಾಂಡ್’ ಬರುತ್ತಿದೆ. ಹಿಂದೆ ಎಕ್ಸ್ ನೋಡಿಕೊಳ್ಳುತ್ತಿದ್ದ ಹಲವು ಕೆಲಸಗಳು ಈಗ ಆಯಾ ಡೆಸ್ಕ್‌ಟಾಪಿನ ಹೆಗಲಿಗೆ ಬಿದ್ದಿವೆ. ಕಿಟಕಿಯ ತಲೆಪಟ್ಟಿಯನ್ನು ತಂತ್ರಾಂಶವೇ ಬರೆದುಕೊಳ್ಳಲಿ ಎಂದು ಗ್ನೋಮ್, ಡೆಸ್ಕ್‌ಟಾಪ್ ಬರೆದುಕೊಡಲಿ ಎಂದು ಕೆಡಿಇ ವಾದಿಸಿದ್ದು ಇಂಥ ಗಡಿ ತಕರಾರು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ಲಿಪ್ಯಂತರ ಸಾಧನಗಳೂ ಈ ಗಡಿಯ ಮೇಲೆಯೇ ಇವೆ. ಗ್ನೋಮ್ 2012ರಲ್ಲಿಯೇ ‘ಐಬಸ್’ ಎಂಬ ಸಾಧನವನ್ನು ತನ್ನೊಳಗೆ ಸೇರಿಸಿಕೊಂಡಿತು. ಉಳಿದ ಕಡೆ ಏರ್ಪಾಡು ಬೇರೆ. ಗಡಿ ಸರಿದಾಗಲೆಲ್ಲ ಕನ್ನಡ ಸರಿಯಾಗಿ ಮೂಡುತ್ತಿದೆಯೇ ಎಂದು ಯಾರಾದರೂ ಮತ್ತೆ ನೋಡಬೇಕಾಗುತ್ತದೆ.

ಕಡತವೋ, ಫೈಲೋ?

ಕೆಳಪದರದ ಕೆಲಸ ಒಂದುಗೂಡಿತು ಸರಿ. ಆದರೆ ಅನುವಾದ ಮೇಲ್ಪದರದ ಕೆಲಸ, ಅದು ಇಂದಿಗೂ ಬೇರೆ ಬೇರೆ ಮನೆಗಳಲ್ಲಿಯೇ ನಡೆಯುತ್ತದೆ. ಗ್ನೋಮ್‌ನ ಪಟ್ಟಿಗಳನ್ನು ಕನ್ನಡಕ್ಕೆ ತರುವವರು ಒಂದು ಕಡೆ, ಕೆಡಿಇಯದು ಇನ್ನೊಂದು ಕಡೆ, ಲಿಬ್ರೆ ಆಫೀಸಿನದು, ಫೈರ್‌ಫಾಕ್ಸಿನದು ಮತ್ತೆ ಬೇರೆ. ಪ್ರತಿಯೊಂದಕ್ಕೂ ತನ್ನದೇ ಜಾಲತಾಣ, ತನ್ನದೇ ವೇಳಾಪಟ್ಟಿ. ‘ಉಳಿಸು’, ‘ಮುಚ್ಚು’, ‘ಮುದ್ರಿಸು’ ಎಂಬ ಅವವೇ ಮಾತುಗಳನ್ನು ಮತ್ತೆ ಮತ್ತೆ ಅನುವಾದಿಸಬೇಕು. ಒಂದು ಕಡೆ ‘ಕಡತ’, ಇನ್ನೊಂದು ಕಡೆ ‘ಫೈಲ್’ ಆಗಿ, ಬಳಕೆದಾರ ಗೊಂದಲಕ್ಕೆ ಬೀಳುವ ಸಂಭವವೂ ಇದೆ.

ಇದನ್ನು ತಪ್ಪಿಸಲು 2008ರಲ್ಲಿ ‘ಫ್ಯೂಯೆಲ್’ ಎಂಬ ಯೋಜನೆ ಆರಂಭವಾಯಿತು. ಡೆಸ್ಕ್‌ಟಾಪಿನಲ್ಲಿ ಪದೇ ಪದೇ ಬರುವ ಪದಗಳ ಒಂದು ಪಟ್ಟಿ ಮಾಡಿ, ಆಯಾ ಭಾಷೆಯವರು ಒಟ್ಟಿಗೆ ಕುಳಿತು ಒಪ್ಪಿದ ಅನುವಾದವನ್ನು ಎಲ್ಲ ಸಮುದಾಯಗಳೂ ಬಳಸಲಿ ಎಂಬುದು ಅದರ ಉದ್ದೇಶ. ಮತ್ತೆ ಅದೇ ವಾಡಿಯ ಹಳಿಯ ನೀತಿ.

ಒಪ್ಪುವ ಪದ ಯಾರ ಕನ್ನಡದ್ದಾಗಿರಬೇಕು ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಪ್ರಶ್ನೆ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟವಾಗಿದ್ದಾಗ, ಒಂಬತ್ತನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ರಚಿತವಾದ ‘ಕವಿರಾಜಮಾರ್ಗ’ವೂ ಉತ್ತರ ಮಾರ್ಗ, ದಕ್ಷಿಣ ಮಾರ್ಗಗಳ ಭೇದವನ್ನು ಚರ್ಚಿಸಿದೆ, ಕನ್ನಡದೊಳಗೆ ಹಲವು ಕನ್ನಡಗಳಿರುವುದನ್ನು ಗುರುತಿಸಿದೆ. ಕಂಪ್ಯೂಟರಿನ ಪಟ್ಟಿಯ ಪದಗಳನ್ನು ಆರಿಸುವ ಮೇಜಿನ ಸುತ್ತ ಬೆಂಗಳೂರಿನವರು ಮಾತ್ರ ಕುಳಿತರೆ ಸೇಡಂ, ಚಿಂಚೋಳಿಗಳ ಕಿವಿಗೆ ಒಗ್ಗುವ ಪದ ಪಟ್ಟಿಗೆ ಬರುವುದು ಕಷ್ಟ.

ಕಾಗುಣಿತ ಪರೀಕ್ಷೆಯ ಸ್ಥಿತಿಯೂ ಹೀಗೆಯೇ. ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಬಳಸುವ ‘ಹನ್‌ಸ್ಪೆಲ್’ ಮೊದಲು ರೂಪುಗೊಂಡದ್ದು ಹಂಗೇರಿಯನ್ ಭಾಷೆಗೆ. ಕನ್ನಡದಂತೆ ಅದೂ ಪದದ ಬೆನ್ನಿಗೆ ಪ್ರತ್ಯಯಗಳನ್ನು ಪೋಣಿಸುವ ಭಾಷೆ. ಆದ್ದರಿಂದ ‘ಶಹಾಬಾದ್‌ನಲ್ಲಿ, ಶಹಾಬಾದ್‌ನಿಂದ, ಶಹಾಬಾದ್‌ನವರು’ ಎಂದು ಒಂದೊಂದನ್ನೂ ಪಟ್ಟಿ ಮಾಡದೆ, ಮೂಲಪದ ಮತ್ತು ಪ್ರತ್ಯಯದ ನಿಯಮ ಕೊಟ್ಟರೆ ಸಾಕೆಂಬ ಏರ್ಪಾಡು ಅದರಲ್ಲಿದೆ. ಯಂತ್ರ ಹಂಗೇರಿಯವರು ಕಟ್ಟಿಕೊಟ್ಟರು. ಕನ್ನಡದ ನಿಯಮಗಳನ್ನು ಅವರು ಬರೆದುಕೊಡಲಾರರು.

ಊರ ಬಾವಿಯ ಹೂಳು

ಎಲ್ಲರಿಗೂ ಸೇರಿದ ಬಾವಿಯ ನೀರನ್ನು ಎಲ್ಲರೂ ಸೇದುತ್ತಾರೆ. ಹೂಳು ತೆಗೆಯುವ ದಿನ ಬಂದಾಗ ಎಲ್ಲರಿಗೂ ಬೇರೆ ಕೆಲಸವಿರುತ್ತದೆ. ಕೆಳಪದರದ ತಂತ್ರಾಂಶಗಳ ದೊಡ್ಡ ಅಪಾಯ ಇದು. 2024ರ ಮಾರ್ಚಿನಲ್ಲಿ ‘ಎಕ್ಸ್‌ಝಡ್’ ಎಂಬ, ಕಡತ ಕುಗ್ಗಿಸುವ ಸಣ್ಣ ತಂತ್ರಾಂಶದ ಪ್ರಕರಣ ಜಗತ್ತನ್ನು ಬೆಚ್ಚಿಬೀಳಿಸಿತು. ಲಿನಕ್ಸ್ ಯಂತ್ರಗಳಲ್ಲೆಲ್ಲ ಬಳಕೆಯಲ್ಲಿದ್ದ ಅದನ್ನು ಬಹುಕಾಲ ನೋಡಿಕೊಂಡು ಬಂದವರು ಒಬ್ಬ ಸ್ವಯಂಸೇವಕ. ಸಹಾಯಕನಾಗಿ ಬಂದು ವಿಶ್ವಾಸ ಗಳಿಸಿದ ಅಪರಿಚಿತನೊಬ್ಬ ಅದರೊಳಗೆ ಕಳ್ಳಬಾಗಿಲು ಇಟ್ಟಿದ್ದ. ಲಾಗಿನ್ ಆಗಲು ಅರ್ಧ ಸೆಕೆಂಡಿನಷ್ಟು ಹೆಚ್ಚು ಹೊತ್ತು ಹಿಡಿದದ್ದನ್ನು ಗಮನಿಸಿ, ಪಟ್ಟು ಬಿಡದೆ ಕಾರಣ ಹುಡುಕಿದ ಒಬ್ಬ ಎಂಜಿನಿಯರ್‌ನಿಂದ ಅದು ಬಯಲಾಯಿತು.

ಕನ್ನಡದ ಬಾವಿಗೆ ಕಳ್ಳರ ಭಯಕ್ಕಿಂತ ಹೂಳಿನ ಭಯ ಹೆಚ್ಚು. ಕಾರಣ ಅನುವಾದದ ಯಂತ್ರ ಕೆಲಸ ಮಾಡುವ ರೀತಿಯಲ್ಲಿದೆ. ಗ್ನೋಮ್, ಲಿಬ್ರೆ ಆಫೀಸ್ ಎರಡೂ ವರ್ಷಕ್ಕೆ ಎರಡು ಸಲ ಹೊಸ ಆವೃತ್ತಿ ಹೊರತರುತ್ತವೆ. ಪ್ರತಿ ಸಲವೂ ಹೊಸ ವಾಕ್ಯಗಳು ಬರುತ್ತವೆ, ಹಳೆಯವು ಬದಲಾಗುತ್ತವೆ. ಗ್ನೋಮ್ ಬಳಸುವ ಪದ್ಧತಿಯಲ್ಲಿ, ಮೂಲ ಇಂಗ್ಲಿಷ್ ವಾಕ್ಯ ಬದಲಾದರೆ ಅದರ ಕನ್ನಡಕ್ಕೆ ‘ಅಸ್ಪಷ್ಟ’ ಎಂಬ ಗುರುತು ಬೀಳುತ್ತದೆ. ಯಾರಾದರೂ ಪರಿಶೀಲಿಸಿ ಒಪ್ಪುವ ತನಕ ಅದನ್ನು ತೋರಿಸುವುದಿಲ್ಲ. ಅನುವಾದವಿಲ್ಲದ ಜಾಗದಲ್ಲಿ ಇಂಗ್ಲಿಷ್ ತಾನಾಗಿ ಬಂದು ಕೂರುತ್ತದೆ. ತಂತ್ರಾಂಶ ನಿಲ್ಲುವುದಿಲ್ಲ, ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಇಂದು ಒಂದು ಸಾಲು, ನಾಳೆ ಹತ್ತು ಸಾಲು ಇಂಗ್ಲಿಷ್ ಆಗುತ್ತ ಹೋಗುತ್ತದೆ. ಕನ್ನಡ ಅನುವಾದಕರು ನಾಲ್ಕು ಮಂದಿ ಇದ್ದು, ಅವರಲ್ಲಿ ಇಬ್ಬರಿಗೆ ಕೆಲಸ ಬದಲಾದರೆ, ಮದುವೆಯಾದರೆ, ಬೇಸರವಾದರೆ, ಜರ್ಮನಿಯಲ್ಲಿಯೋ ಅಮೆರಿಕದಲ್ಲಿಯೋ ಕುಳಿತ ಯಾರ ಗಮನಕ್ಕೂ ಅದು ಬರುವುದಿಲ್ಲ. ಬರಬೇಕಾದ ಕಾರಣವೂ ಇಲ್ಲ. ಹಂಚಿಕೆಯ ಪ್ರಕಾರ ಅದು ಅವರ ಪಾಲಿನದಲ್ಲ.

ಇದರಿಂದ ನಷ್ಟ ಯಾರಿಗೆ? ಇಂಗ್ಲಿಷ್ ಬಲ್ಲವರಿಗೆ ಆಗುವುದು ಏನೂ ಇಲ್ಲ. ಕರ್ನಾಟಕದ ಸರ್ಕಾರಿ ಪ್ರೌಢಶಾಲಾ ಶಿಕ್ಷಕರಿಗಾಗಿ 2011ರಲ್ಲಿ ಆರಂಭವಾದ ‘ವಿಷಯ ಶಿಕ್ಷಕರ ವೇದಿಕೆ’ ಕಾರ್ಯಕ್ರಮದಲ್ಲಿ ಉಬುಂಟು ಮತ್ತು ಮುಕ್ತ ತಂತ್ರಾಂಶಗಳ ತರಬೇತಿ ನೀಡಲಾಯಿತು. ಶಾಲೆಯ ಕಂಪ್ಯೂಟರಿನ ಮುಂದೆ ಮೊದಲ ಸಲ ಕೂರುವ ಕನ್ನಡ ಮಾಧ್ಯಮದ ಹುಡುಗಿಗೆ ಪಟ್ಟಿಯಲ್ಲಿ ಕಾಣುವ ಪದ ತನ್ನದೋ ಪರರದೋ ಎಂಬುದು ಸಣ್ಣ ವಿಷಯವಲ್ಲ. ಪರವಾನಗಿಗೆ ದುಡ್ಡು ತೆರಬೇಕಿಲ್ಲದ ತಂತ್ರಾಂಶ ಹೆಚ್ಚು ಉಪಯೋಗಕ್ಕೆ ಬರಬೇಕಾದದ್ದು ಇಂಥ ಕಡೆಗಳಲ್ಲಿಯೇ.

ಈ ಕೆಲಸಗಳಲ್ಲಿ ಬಹುಪಾಲಿಗೆ ಪ್ರೋಗ್ರಾಮಿಂಗ್ ವಿದ್ಯೆ ಬೇಕಿಲ್ಲ. ಅನುವಾದಕ್ಕೆ ಎರಡು ಭಾಷೆ ಬಂದರೆ ಸಾಕು. ಪ್ರತ್ಯಯಗಳ ನಿಯಮ ಬರೆಯಲು ವ್ಯಾಕರಣ ಬಲ್ಲ ಕನ್ನಡ ಮೇಷ್ಟರು ಎಂಜಿನಿಯರನಿಗಿಂತ ಹೆಚ್ಚು ಯೋಗ್ಯರು. ಹೊಸ ಆವೃತ್ತಿ ಬಂದ ದಿನ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಎಂದು ಐದು ಹೆಸರು ಬರೆದು, ಹುಡುಕಿ, ಮುದ್ರಿಸಿ ನೋಡುವುದಕ್ಕೆ ಕಾಲು ಗಂಟೆ ಸಾಕು. ತಪ್ಪು ಕಂಡರೆ ಯಾವ ಫಾಂಟ್, ಯಾವ ತಂತ್ರಾಂಶ, ಯಾವ ಆವೃತ್ತಿ ಎಂದು ಬರೆದು, ಪರದೆಯ ಚಿತ್ರದೊಡನೆ ಸಂಬಂಧಪಟ್ಟ ಸಮುದಾಯಕ್ಕೆ ಕಳಿಸಿದರೆ ಅದೇ ಒಂದು ದೊಡ್ಡ ನೆರವು. ‘ತ್ತಾ’ ಹೇಗಿರಬೇಕೆಂದು ಹಾರ್ಫ್‌ಬಜ್ ನೋಡಿಕೊಳ್ಳುವವರು ಕಲಿತು ಬರೆಯಬಲ್ಲರು. ಅದು ಸರಿಯಾಗಿ ಮೂಡಿದೆಯೇ ಎಂದು ಒಂದೇ ನೋಟಕ್ಕೆ ಹೇಳುವುದು ಚಿತ್ತಾಪುರದವರ ಪಾಲಿನ ಕೆಲಸ.